12 ಸಾವಿರ ಡಾಲರ್‌ನಲ್ಲಿ ಹಳೇ ಮಸಲ್ ಕಾರ್ ಆಗುತ್ತಾ? ಆಗುತ್ತೆ, ಆದರೆ ಚಾರ್ಜರ್ ಅಲ್ಲ

ನಿಮ್ಮ ಪ್ರಶ್ನೆಯನ್ನು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ, ಬೇರೆ ಓದುಗರಿಗೂ ಅನುಕೂಲ. ನೀವು ಓಹಾಯೋದ ಕೊಲಂಬಸ್‌ನಲ್ಲಿದ್ದೀರಿ. ಎರಡು ಕಾರ್ ಹಿಡಿಸುವ ಗರಾಜ್ ಇದೆ, 12 ಸಾವಿರ ಡಾಲರ್ ಇದೆ, ಇಬ್ಬರು ಮಕ್ಕಳಿದ್ದಾರೆ. ಮಸಲ್ ಕಾರು, ಅಂದರೆ ದೊಡ್ಡ ಎಂಜಿನ್ ತುರುಕಿದ ಹಳೇ ಅಮೆರಿಕನ್ ಕಾರು ಬೇಕು, 1969ರ ಡಾಡ್ಜ್ ಚಾರ್ಜರ್ ಮೇಲೆ ಕಣ್ಣು. ಕೆಟ್ಟು ನಿಂತಿರೋದನ್ನ ತಂದು, ಗುಜರಿಯಿಂದ ಟ್ರಕ್ ಎಂಜಿನ್ ಹಾಕಿ, ನಾನೇ ರಿಪೇರಿ ಮಾಡಿಕೊಂಡರೆ ಅಗ್ಗವಾಗಲ್ವಾ ಅಂತ ಕೇಳಿದ್ದೀರಿ.

ನಾನಿರೋದು ಡೆಟ್ರಾಯಿಟ್ ಪಕ್ಕ. ಹೊಟ್ಟೆಪಾಡೂ ಕಾರಿನ ಬಿಡಿಭಾಗಗಳದ್ದೇ. ಗರಾಜ್‌ನಲ್ಲಿ 1974ರ ಪ್ಲಿಮತ್ ಡಸ್ಟರ್ ಇದೆ. (ಊರಿನವರಿಗೆ ಡಸ್ಟರ್ ಅಂದರೆ ರೆನೋ ಕಂಪನಿಯ ಎಸ್‌ಯುವಿ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಫೋನಿನಲ್ಲಿ ಹೇಳಿದರೆ ಅಣ್ಣ ಇನ್ನೂ ನಂಬಿಲ್ಲ.)

ಚಾರ್ಜರ್ ಮರೆತುಬಿಡಿ. ಟಿವಿಯಲ್ಲಿ, ಸಿನಿಮಾದಲ್ಲಿ ನೆಗೆದೂ ನೆಗೆದೂ ಅದರ ಬೆಲೆ ಎಲ್ಲಿಗೋ ಹೋಗಿದೆ. ಎಂಜಿನ್ ಇಲ್ಲದ, ನೆಲದ ತಗಡು ಉದುರಿಹೋದ ಬರೀ ಬಾಡಿ ಕೊಳ್ಳೋಕೇ ನಿಮ್ಮ ದುಡ್ಡೆಲ್ಲ ಮುಗಿಯಬಹುದು. ಆಮೇಲೆ ಗರಾಜ್‌ನಲ್ಲಿ ಉಳಿಯೋದು ಕಾರಲ್ಲ, ತಗಡು.

ಹಾಗಂತ ಬೇಜಾರಾಗಬೇಡಿ. ಮಸಲ್ ಕಾರ್ ಹುಟ್ಟಿದ್ದೇ ಕಡಿಮೆ ದುಡ್ಡಿನ ಉಪಾಯವಾಗಿ. 1964ರಲ್ಲಿ ಪಾಂಟಿಯಾಕ್‌ನವರು ತಮ್ಮ ಮಧ್ಯಮ ಗಾತ್ರದ ಟೆಂಪೆಸ್ಟ್‌ಗೆ ದೊಡ್ಡ ಕಾರಿನ 389 ಕ್ಯೂಬಿಕ್ ಇಂಚಿನ ಎಂಜಿನ್ ತುರುಕಿ ಜಿಟಿಒ ಅಂತ ಹೆಸರಿಟ್ಟರು. ಆಗ ಅದು ಪ್ರತ್ಯೇಕ ಮಾಡೆಲ್ ಕೂಡ ಅಲ್ಲ, ಸುಮಾರು 300 ಡಾಲರ್ ಜಾಸ್ತಿ ಕೊಟ್ಟರೆ ಸಿಗುವ ಒಂದು ಆಪ್ಷನ್. 1968ರಲ್ಲಿ ಬಂದ ಪ್ಲಿಮತ್ ರೋಡ್ ರನ್ನರ್ ಇನ್ನೂ ಜುಗ್ಗ: ಬೆಂಚ್ ಸೀಟು, ನೆಲಕ್ಕೆ ಕಾರ್ಪೆಟ್ ಬದಲು ರಬ್ಬರ್ ಮ್ಯಾಟು, ಬಾನೆಟ್ ಕೆಳಗೆ ಮಾತ್ರ 383 ಕ್ಯೂಬಿಕ್ ಇಂಚಿನ ಎಂಜಿನ್. ಬೆಲೆ 3 ಸಾವಿರ ಡಾಲರ್ ಒಳಗೆ. ಸಾದಾ ಕಾರು, ದೊಡ್ಡ ಎಂಜಿನ್, ಅಷ್ಟೇ ಅದರ ಗುಟ್ಟು. ನೀವೂ ಸಾದಾ ಕಾರನ್ನೇ ಹುಡುಕಿ.

ಯಾವುದು ಅಂದರೆ, ಸಂಗ್ರಹಕಾರರು ಮೂಗು ಮುರಿಯುವ ವರ್ಷಗಳದ್ದು. ನನ್ನ ಸಲಹೆ 1973ರಿಂದ 76ರ ಪ್ಲಿಮತ್ ಡಸ್ಟರ್ ಅಥವಾ ಡಾಡ್ಜ್ ಡಾರ್ಟ್, 318 ಕ್ಯೂಬಿಕ್ ಇಂಚಿನ ವಿ8 (ಎಂಟು ಸಿಲಿಂಡರಿನ) ಎಂಜಿನ್ನಿನದು. ಆ ಹೊತ್ತಿಗೆ ಸರ್ಕಾರದ ನಿಯಮದಿಂದ ಬಂಪರ್‌ಗಳು ದಪ್ಪವಾಗಿ ಮುಂದೆ ಚಾಚಿಕೊಂಡವು, ಕಾರಿನ ಮುಖವೇ ಕೆಟ್ಟಿತು ಅಂತಾರೆ. ಸರಿ, ಕೆಟ್ಟಿತು. ಆದರೆ ಅದೇ 1973ರಿಂದ ಪ್ಲಿಮತ್, ಡಾಡ್ಜ್ ಎರಡನ್ನೂ ಮಾಡುತ್ತಿದ್ದ ಕ್ರೈಸ್ಲರ್ ಕಂಪನಿ ಅಮೆರಿಕದಲ್ಲಿ ಮಾಡಿದ ತನ್ನ ಎಲ್ಲ ಕಾರುಗಳಿಗೂ ಎಲೆಕ್ಟ್ರಾನಿಕ್ ಇಗ್ನಿಷನ್ ಕೊಟ್ಟಿತು, ಪಾಯಿಂಟ್ ಉಜ್ಜುವ ಗೋಳಿಲ್ಲ. ಮುಂದಿನ ಡಿಸ್ಕ್ ಬ್ರೇಕ್ ಕೂಡ ಒಳ್ಳೆಯ ಮಾದರಿಯದು ಬಂತು. 1968ರ ಡಾರ್ಟ್ ಇಟ್ಟುಕೊಂಡಿರುವವರು ಈ ಬ್ರೇಕನ್ನೇ ಗುಜರಿಯಿಂದ ಬಿಚ್ಚಿ ತಂದು ತಮ್ಮ ಕಾರಿಗೆ ಹಾಕಿಕೊಳ್ಳುತ್ತಾರೆ. ಅವರು ದುಡ್ಡು ಕೊಟ್ಟು ಹಾಕಿಸಿಕೊಳ್ಳುವುದು ನಿಮ್ಮ ಕಾರಿನಲ್ಲಿ ಬಹಳ ಸಲ ಬಂದೇ ಇರುತ್ತದೆ, ಅದೂ ಕಡಿಮೆ ಬೆಲೆಗೆ.

ಹಾರ್ಸ್‌ಪವರ್ ಅಂಕಿ ನೋಡಿಯೂ ಜನ ಈ ವರ್ಷಗಳನ್ನು ಬಿಡುತ್ತಾರೆ. 318ಕ್ಕೆ 1971ರಲ್ಲಿ 230 ಅಂತ ಬರೆದಿದ್ದರು, 1972ರಲ್ಲಿ 150. ಎಂಜಿನ್ ಹೆಚ್ಚುಕಡಿಮೆ ಅದೇ. ಬದಲಾಗಿದ್ದು ಅಳೆಯುವ ರೀತಿ. ಮೊದಲು ಫ್ಯಾನು, ಏರ್ ಫಿಲ್ಟರು, ಸೈಲೆನ್ಸರ್ ಏನೂ ಇಲ್ಲದೆ ಬರೀ ಎಂಜಿನ್ ಅಳೆಯುತ್ತಿದ್ದರು, ಆಮೇಲೆ ಎಲ್ಲ ಹಾಕಿ ಅಳೆದರು.

ನೋಡೋಕೆ ಹೋದಾಗ ಎಂಜಿನ್ ಶಬ್ದಕ್ಕೆ ಮರುಳಾಗಬೇಡಿ. ಎಂಜಿನ್ ಎಷ್ಟು ಹಾಳಾಗಿದ್ದರೂ ಬೇರೆಯದು ಸಿಗುತ್ತದೆ, ತಗಡಿನ ಕೆಲಸ ಹಾಗಲ್ಲ. ಓಹಾಯೋ, ಮಿಷಿಗನ್‌ನಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರಲ್ಲ, ಅದು 50 ವರ್ಷ ತಿಂದಿರುತ್ತದೆ. ಈ ಕಾರುಗಳಿಗೆ ಪೂರ್ತಿ ಚಾಸಿ ಅಂತ ಬೇರೆ ಇಲ್ಲ, ನೆಲದ ತಗಡೇ ಭಾರ ಹೊರಬೇಕು. ಮುಂದಿನ ಚಕ್ರಗಳಿಗೆ ಕಾಯಿಲ್ ಸ್ಪ್ರಿಂಗ್ ಬದಲು ಉದ್ದನೆಯ ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು ಇರುತ್ತದೆ. ಅದರ ಹಿಂದಿನ ತುದಿ ಮುಂದಿನ ಸೀಟಿನ ಕೆಳಗೆ ಒಂದು ಅಡ್ಡ ತೊಲೆಗೆ ಸೇರುತ್ತದೆ. ಅಲ್ಲಿಗೆ ಮೊದಲು ಟಾರ್ಚ್ ಬಿಡಿ. ಆ ತೊಲೆ ಕೊಳೆತಿದ್ದರೆ ಮಾತಿಲ್ಲದೆ ವಾಪಸ್ ಬನ್ನಿ, ಮಾಲೀಕ ಸಾವಿರ ಡಾಲರ್ ಇಳಿಸಿದರೂ ಬೇಡ. ಆಮೇಲೆ ಹಿಂದಿನ ಲೀಫ್ ಸ್ಪ್ರಿಂಗ್‌ಗಳ ಮುಂದಿನ ತುದಿ ಕಾರಿನ ಬಾಡಿಯನ್ನು ಸೇರುವ ಜಾಗ. ಆಮೇಲೆ ಡಿಕ್ಕಿ: ಹಿಂದಿನ ಗಾಜಿನ ಕೆಳಮೂಲೆಗಳು ತುಕ್ಕು ಹಿಡಿದು ಮಳೆ ನೀರು ಅಲ್ಲಿಗೇ ಇಳಿಯುತ್ತದೆ, ಸ್ಟೆಪ್ನಿ ಎತ್ತಿ ನೋಡಿ. ಮುಂದಿನ ಗಾಜಿನ ಬುಡದಲ್ಲಿ ಗಾಳಿ ಹೋಗುವ ಸೀಳುಗಳಿವೆಯಲ್ಲ, ಮಾಲೀಕನ ಒಪ್ಪಿಗೆ ಕೇಳಿ ಅಲ್ಲಿ ಒಂದು ಬಾಟಲಿ ನೀರು ಹುಯ್ಯಿರಿ. ಡ್ಯಾಶ್‌ಬೋರ್ಡ್ ಕೆಳಗೆ ತೊಟ್ಟಿಕ್ಕಿದರೆ ಒಳಗಿನ ತಗಡು ತೂತಾಗಿದೆ ಅಂತ ಅರ್ಥ. ಇದನ್ನು ಸರಿ ಮಾಡೋಕೆ ಅರ್ಧ ಮುಂಭಾಗವನ್ನೇ ಬಿಚ್ಚಬೇಕು. ಜೊತೆಗೆ ಒಂದು ಆಯಸ್ಕಾಂತ, ತೆಳ್ಳಗಿನ ಬಟ್ಟೆ ಸುತ್ತಿ ಇಟ್ಟುಕೊಂಡಿರಿ. ಹಿಂದಿನ ಚಕ್ರದ ಮೇಲಿನ ಕಮಾನಿಗೆ ಹಿಡಿದರೆ ಅಂಟಬೇಕು. ಅಂಟದಿದ್ದರೆ ಒಳಗಿರೋದು ತಗಡಲ್ಲ, ಪುಟ್ಟಿ.

ಇನ್ನೊಂದು ಬಲೆ, ಅರ್ಧ ಬಿಚ್ಚಿಟ್ಟ ಕಾರು. "ಎಲ್ಲಾ ಪಾರ್ಟ್ಸ್ ಡಬ್ಬದಲ್ಲಿವೆ" ಅಂತಾರೆ. ಎಲ್ಲಾ ಇರಲ್ಲ. ಬಾಗಿಲಿನ ಒಂದು ಕ್ರೋಮ್ ಪಟ್ಟಿ, ಗಾಜಿನ ರನ್ನರ್, ಸ್ಟೀರಿಂಗ್ ಕೆಳಗಿನ ಒಂದು ಬ್ರಾಕೆಟ್, ಇಂಥ ಚಿಲ್ಲರೆ ಸಾಮಾನು ಹುಡುಕೋದರಲ್ಲೇ ಉತ್ಸಾಹ ಸೋರಿಹೋಗುತ್ತದೆ. ಓಡುವ ಕಾರನ್ನೇ ತನ್ನಿ. ಬಣ್ಣ ಕೆಟ್ಟಿದ್ದರೂ ಪರವಾಗಿಲ್ಲ, ಸೀಟು ಹರಿದಿದ್ದರೂ ಪರವಾಗಿಲ್ಲ. 6-7 ಸಾವಿರಕ್ಕೆ ಇಂಥದ್ದು ಸಿಗಬಹುದು, ಆದರೆ ಕಾಯಬೇಕು. ಅರಿಜೋನಾ, ನ್ಯೂ ಮೆಕ್ಸಿಕೋ ಕಡೆಯದಾದರೆ ಸಾಗಣೆ ಖರ್ಚು ಕೊಟ್ಟರೂ ಲಾಭವೇ. ಬಿಸಿಲಿಗೆ ಡ್ಯಾಶ್‌ಬೋರ್ಡ್ ಸೀಳಿರುತ್ತದೆ, ತಗಡು ಉಳಿದಿರುತ್ತದೆ.

ತಂದ ಮೇಲೆ ಪೂರ್ತಿ ಬಿಚ್ಚಬೇಡಿ. ಒಂದು ಸಲಕ್ಕೆ ಒಂದು ಕೆಲಸ, ಅದು ಮುಗಿದ ಮೇಲೆ ಒಂದು ಸುತ್ತು ಓಡಿಸಿ, ಆಮೇಲೆ ಮುಂದಿನದು. ಮಕ್ಕಳಿರುವ ಮನೆಯಲ್ಲಿ ಇದೊಂದೇ ನಡೆಯುವ ದಾರಿ.

ಮೊದಲ ಎರಡು ಸಾವಿರ ಯಾರ ಕಣ್ಣಿಗೂ ಕಾಣದ ಕಡೆ ಹೋಗಬೇಕು. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, 2314 ಅಂದರೆ 2014ರ 23ನೇ ವಾರದ್ದು. ಗೀರುಗಳು ಹೊಸದರ ಹಾಗೆ ಕಂಡರೂ ಅಷ್ಟು ಹಳೆಯದನ್ನು ನಂಬಬೇಡಿ. ಪೆಟ್ರೋಲಿನ ರಬ್ಬರ್ ಪೈಪುಗಳನ್ನೆಲ್ಲ ಬದಲಿಸಿ, ಈಗಿನ ಎಥನಾಲ್ ಬೆರೆಸಿದ ಪೆಟ್ರೋಲು ಹಳೇ ರಬ್ಬರನ್ನು ತಿನ್ನುತ್ತದೆ. ಬ್ರೇಕ್ ಪೈಪು, ವ್ಹೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್ ಎಲ್ಲಾ ಹೊಸದು ಹಾಕಿ. ಅಂಥಾ ದುಬಾರಿಯಲ್ಲ. ಹಿಂದಿನ ಡ್ರಮ್ ಬಿಚ್ಚಿದಾಗ ಧೂಳನ್ನು ಗಾಳಿ ಹೊಡೆದು ಊದಬೇಡಿ, ಹಳೇ ಬ್ರೇಕ್ ಲೈನಿಂಗ್‌ನಲ್ಲಿ ಆಸ್‌ಬೆಸ್ಟಾಸ್ ಇರುತ್ತದೆ. ಒದ್ದೆ ಮಾಡಿ ಒರೆಸಿ.

ಈ ಕ್ರೈಸ್ಲರ್ ಕಾರುಗಳಿಗೇ ಇರುವ ಒಂದು ಕಾಯಿಲೆ ಹೇಳಲೇಬೇಕು. ಡ್ಯಾಶ್‌ಬೋರ್ಡಿನಲ್ಲಿ ಕರೆಂಟ್ ಅಳೆಯುವ ಆಮ್‌ಮೀಟರ್ ಇದೆ. ಬ್ಯಾಟರಿ ಚಾರ್ಜ್ ಆಗುವ ಕರೆಂಟ್ ಪೂರ್ತಿ ಎಂಜಿನ್ ಕಡೆಯಿಂದ ಒಂದು ಪ್ಲಾಸ್ಟಿಕ್ ಕನೆಕ್ಟರ್ ಮೂಲಕ ಒಳಗೆ ಬಂದು, ಆ ಮೀಟರ್ ದಾಟಿ, ಮತ್ತೆ ಹೊರಗೆ ಹೋಗುತ್ತದೆ. 50 ವರ್ಷ ಹಳೇ ಕನೆಕ್ಟರ್, ಒಳಗೆ ಕಿಲುಬು ಹಿಡಿದ ಪಿನ್ನು. ಅದು ಬಿಸಿಯಾಗಿ ಕರಗುತ್ತದೆ, ಬೆಂಕಿ ಹತ್ತಿದ್ದೂ ಇದೆ. ಆಲ್ಟರ್ನೇಟರ್‌ನಿಂದ ಬ್ಯಾಟರಿಗೆ ನೇರವಾಗಿ ದಪ್ಪ ವೈರ್ ಎಳೆದು, ನಡುವೆ ಫ್ಯೂಸಿಬಲ್ ಲಿಂಕ್ (ಕರೆಂಟ್ ಮಿತಿಮೀರಿದರೆ ಕರಗಿ ಕಡಿದುಹೋಗುವ ವೈರ್) ಹಾಕಿ, ಒಳಗೆ ಆಮ್‌ಮೀಟರ್‌ನ ಎರಡು ವೈರ್‌ಗಳನ್ನು ಒಂದೇ ಕಡೆ ಸೇರಿಸಿಬಿಟ್ಟರೆ ಮೀಟರ್ ಸತ್ತಂತೆ, ಕಾರು ಬದುಕಿದಂತೆ. ಖರ್ಚು ಒಂದು ಊಟದಷ್ಟು. ಹೊಸ ಕಾರ್ಬ್ಯುರೇಟರ್ ತರುವ ಮೊದಲು ಇದನ್ನು ಮಾಡಿ.

ಈಗ ನಿಮ್ಮ ಟ್ರಕ್ ಎಂಜಿನ್ ವಿಷಯ. ನೀವು ನೋಡಿರೋದು 1999ರಿಂದ ಬಂದ ಷೆವ್ರೊಲೆ ಸಿಲ್ವರಾಡೋದ 5.3 ಲೀಟರ್ ವಿ8 ಇರಬೇಕು, ಎಲ್ಲರೂ ಹೇಳೋದು ಅದನ್ನೇ. ಎಂಜಿನ್ ನಿಜವಾಗಿ ಒಳ್ಳೆಯದು, ಗುಜರಿಯಲ್ಲಿ ಅಗ್ಗವೂ ಹೌದು. ಉಳಿದದ್ದು ಅಗ್ಗವಲ್ಲ. ಟ್ರಕ್ಕಿನ ಆಯಿಲ್ ಪ್ಯಾನ್ ಆಳ ಜಾಸ್ತಿ, ಬೇರೆ ಬೇಕು. ಫ್ಯೂಯೆಲ್ ಇಂಜೆಕ್ಷನ್‌ಗೆ 58 ಪಿಎಸ್‌ಐ ಒತ್ತಡದ ಪಂಪು, ಹೊಸ ಪೈಪು. ವೈರಿಂಗ್, ಕಂಪ್ಯೂಟರ್ ಮರುಹೊಂದಿಕೆ, ಮೌಂಟು, ಗೇರ್‌ಬಾಕ್ಸ್, ಎಕ್ಸಾಸ್ಟು. ಡಸ್ಟರ್‌ನಲ್ಲಂತೂ ಎಕ್ಸಾಸ್ಟ್ ಇಳಿಯುವ ಜಾಗದಲ್ಲೇ ಟಾರ್ಷನ್ ಬಾರ್ ಅಡ್ಡ ಬರುತ್ತದೆ. ಎಂಜಿನ್ನಿಗೆ ಕೊಟ್ಟದ್ದರ ಎಷ್ಟೋ ಪಟ್ಟು ಅದರ ಸುತ್ತಮುತ್ತಲಿಗೆ ಹೋಗುತ್ತದೆ.

ಕಾರಿನಲ್ಲಿರೋ 318 ಸರಿಯಾಗಿ ಓಡುತ್ತಿದ್ದರೆ ಅದನ್ನೇ ಇಟ್ಟುಕೊಳ್ಳಿ. ನಾಲ್ಕು ಬ್ಯಾರೆಲ್ ಕಾರ್ಬ್ಯುರೇಟರ್, ಅದಕ್ಕೆ ತಕ್ಕ ಇಂಟೇಕ್ (ಸಿಲಿಂಡರುಗಳಿಗೆ ಗಾಳಿ-ಪೆಟ್ರೋಲು ಹಂಚುವ ಕೊಳವೆ), ಎರಡು ಸೈಲೆನ್ಸರ್ ಹಾಕಿದರೆ ಸಾಕಷ್ಟು ಎಚ್ಚರವಾಗುತ್ತದೆ. ಹೋಗೇ ಬಿಟ್ಟಿದ್ದರೆ 1990ರ ದಶಕದ ಡಾಡ್ಜ್ ಟ್ರಕ್ಕಿನದೋ ಜೀಪ್ ಗ್ರ್ಯಾಂಡ್ ಚೆರೋಕಿಯದೋ 5.2 ಲೀಟರ್ ಮ್ಯಾಗ್ನಮ್ ಹುಡುಕಿ. ಅದು ಇದೇ 318ರ ಮುಂದಿನ ತಲೆಮಾರು, ನಿಮ್ಮ ಗೇರ್‌ಬಾಕ್ಸಿಗೇ ಕೂರುತ್ತದೆ. ತರುವಾಗ ಎರಡು ವಿಷಯ ನೆನಪಿಡಿ. ಸಿಲಿಂಡರ್ ಹೆಡ್‌ನಲ್ಲಿ ವಾಲ್ವ್ ಸೀಟುಗಳ ನಡುವೆ ಸೀಳು ಬಿಡುವ ಚಾಳಿ ಅದಕ್ಕಿದೆ. ಹಳೇ 318ರ ಇಂಟೇಕ್ ಅದರ ಬೋಲ್ಟ್‌ಗಳಿಗೆ ಹೊಂದಲ್ಲ. ಇದೇ ಕಂಪನಿಯ ಇನ್ನೂ ದೊಡ್ಡ 360 ಎಂಜಿನ್ ಹಾಕೋಣ ಅನ್ನೋರು ಸಿಗುತ್ತಾರೆ. ಹಾಕಬಹುದು, ಆದರೆ ಅದರ ಬ್ಯಾಲೆನ್ಸ್ ತೂಕ ಹೊರಗಡೆ ಇರುತ್ತದೆ. 318ರ ಟಾರ್ಕ್ ಕನ್ವರ್ಟರ್ (ಎಂಜಿನ್ನಿಗೂ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೂ ನಡುವಿನ ಭಾಗ) ಹಾಗೇ ಹಾಕಿದರೆ ಕಾರು ನಡುಗುತ್ತದೆ.

ನನ್ನ ಕೇಳಿದರೆ ಎಂಜಿನ್ನಿಗಿಂತ ಹಿಂದಿನ ಆಕ್ಸಲ್ಲಿಗೆ ಖರ್ಚು ಮಾಡಿ. ಪೆಟ್ರೋಲ್ ಉಳಿಸೋಕೆ ಅಂತ ಕಂಪನಿಯವರು 2.76 ರೇಷಿಯೋದಂಥ ನಿಧಾನದ ಗೇರ್ ಹಾಕಿ ಕಳಿಸುತ್ತಿದ್ದರು. 3.55ಕ್ಕೆ ಬದಲಿಸಿದರೆ ಅದೇ ಎಂಜಿನ್ ಸಿಗ್ನಲ್‌ನಿಂದ ಬೇರೆ ಥರ ಏಳುತ್ತದೆ. ಗುಜರಿಯಲ್ಲಿ 1995ರಿಂದ 2001ರ ಫೋರ್ಡ್ ಎಕ್ಸ್‌ಪ್ಲೋರರ್‌ನ 8.8 ಇಂಚಿನ ಆಕ್ಸಲ್ ನೋಡಿ. ಡಿಸ್ಕ್ ಬ್ರೇಕ್ ಸಮೇತ ಬರುತ್ತದೆ. ಚಕ್ರಕ್ಕೆ ಐದು ಬೋಲ್ಟ್, ಅವು ಕೂರುವ ವೃತ್ತ ನಾಲ್ಕೂವರೆ ಇಂಚು, 1973ರಿಂದೀಚಿನ ನಿಮ್ಮ ಮುಂದಿನ ಡಿಸ್ಕ್‌ಗೂ ಅದೇ ಅಳತೆ. ಫೋರ್ಡ್ ಸಾಮಾನನ್ನು ಪ್ಲಿಮತ್‌ಗೆ ಹಾಕಿದೆ ಅಂತ ಕೆಲವು ಹಿರಿಯರು ಮುಖ ಸಿಂಡರಿಸುತ್ತಾರೆ, ಸುಮ್ನೆ ನಕ್ಕುಬಿಡಿ. ಅಗಲ ತುಸು ಜಾಸ್ತಿ ಇರೋದರಿಂದ ಚಕ್ರದ ಆಯ್ಕೆ ನೋಡಿ ಮಾಡಬೇಕು. ಸ್ಪ್ರಿಂಗ್ ಕೂರುವ ಪೀಠಗಳನ್ನು ಹೊಸದಾಗಿ ವೆಲ್ಡ್ ಮಾಡಬೇಕು. ಆ ವೆಲ್ಡಿಂಗ್ ಮಾತ್ರ ಬಲ್ಲವರ ಕೈಯಲ್ಲೇ ಮಾಡಿಸಿ. ನೆಲದ ತಗಡಿಗೆ ತೇಪೆ ಹಾಕೋದು ನೀವೇ ಕಲಿಯಬಹುದು, ಕಮ್ಯುನಿಟಿ ಕಾಲೇಜುಗಳಲ್ಲಿ ಸಂಜೆ ವೆಲ್ಡಿಂಗ್ ತರಗತಿ ಇರುತ್ತವೆ.

ಡಸ್ಟರ್ ಸಿಗದಿದ್ದರೆ 1968ರಿಂದ 74ರ ಷೆವ್ರೊಲೆ ನೋವಾ. ಅದರ ಮುಂದಿನ ಸಬ್‌ಫ್ರೇಮ್ ಹಳೇ ಕಮಾರೋದ ಹಾಗೇ, ಆರು ಸಿಲಿಂಡರಿನ ಕಾರಿಗೂ 350 ವಿ8 ಸಲೀಸಾಗಿ ಕೂರುತ್ತದೆ, ಬಿಡಿಭಾಗ ಧಾರಾಳ. ಬೆಲೆ ತುಸು ಮೇಲೆ. ಆರು ಸಿಲಿಂಡರಿನ 1965-66ರ ಮಸ್ಟಾಂಗ್ ಅಗ್ಗಕ್ಕೆ ಸಿಕ್ಕಿತು ಅಂತ ಹಿಗ್ಗಬೇಡಿ. ಅದರ ಚಕ್ರಕ್ಕೆ ನಾಲ್ಕೇ ಬೋಲ್ಟು. ವಿ8 ಹಾಕಬೇಕಾದರೆ ಬ್ರೇಕು, ಆಕ್ಸಲ್, ಚಕ್ರ ಎಲ್ಲಾ ಬದಲಾಗಬೇಕು. ಇಬ್ಬರು ಮಕ್ಕಳಿದ್ದಾರಲ್ಲ, ನಾಲ್ಕು ಬಾಗಿಲಿನ ಡಾರ್ಟ್ ಯಾಕೆ ಬೇಡ? ಅದೇ ಎಂಜಿನ್, ಅದೇ ಸಸ್ಪೆನ್ಷನ್, ಬೆಲೆ ಎಷ್ಟೋ ಕಡಿಮೆ. ಯಾವುದೇ ತಂದರೂ ಹಿಂದಿನ ಸೀಟಿಗೆ ಸೊಂಟದ ಬೆಲ್ಟ್ ಮಾತ್ರ ಇರುತ್ತದೆ. ಭುಜದ ಬೆಲ್ಟ್ ಸರಿಯಾಗಿ ಕೂರಿಸುವವರೆಗೆ ಮಕ್ಕಳನ್ನು ಕೂರಿಸಬೇಡಿ.

ಟಿಂಕರಿಂಗ್, ಪೇಂಟಿಂಗ್ ಕೊನೆಗೆ. ಹೊರಗೆ ಕೊಟ್ಟು ಚೆನ್ನಾಗಿ ಮಾಡಿಸಿದರೆ ನಿಮ್ಮ ಇಡೀ ಬಜೆಟ್ ಅದಕ್ಕೇ ಬೇಕಾಗುತ್ತದೆ, ಹಾಗಾಗಿ ಮಾಸಿದ ಬಣ್ಣದಲ್ಲೇ ಒಂದೆರಡು ವರ್ಷ ಓಡಿಸಿ. ಒಂದು ಸಾವಿರ ಡಾಲರ್ ಮುಟ್ಟದೆ ಪಕ್ಕಕ್ಕಿಡಿ, ಅದು ಖಂಡಿತ ಖರ್ಚಾಗುತ್ತದೆ. ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ವಸಂತದಲ್ಲಿ ಒಂದು, ಬೇಸಿಗೆಯಲ್ಲಿ ಕ್ರೈಸ್ಲರ್ ಕಾರುಗಳದ್ದೇ ಒಂದು ಮೇಳ ನಡೆಯುತ್ತದೆ. ಕೊಲಂಬಸ್‌ನಿಂದ ಒಂದೇ ದಿನದ ಡ್ರೈವ್. ಮೊದಲ ಸಲ ಏನೂ ಕೊಳ್ಳದೆ ಬರೀ ನೋಡಿಕೊಂಡು ಬನ್ನಿ, ಬೆಲೆಯ ಅಂದಾಜು ಸಿಗುತ್ತದೆ.

ಯಾವುದಾದರೂ ಕಾರು ಮನಸ್ಸಿಗೆ ಬಂದರೆ ಮುಂಗಡ ಕೊಡುವ ಮೊದಲು ವಿಐಎನ್, ಅಂದರೆ ಕಾರಿನ ಗುರುತಿನ ಸಂಖ್ಯೆ ನೋಡಿ. ಡ್ಯಾಶ್‌ಬೋರ್ಡ್ ಮೇಲೆ ಎಡಗಡೆ, ಗಾಜಿನಾಚೆಯಿಂದಲೇ ಕಾಣುತ್ತದೆ. ಐದನೇ ಅಕ್ಷರ ಜಿ ಆಗಿದ್ದರೆ ಹುಟ್ಟಿನಿಂದ 318, ಸಿ ಆಗಿದ್ದರೆ ಆರು ಸಿಲಿಂಡರಿನ ಸ್ಲ್ಯಾಂಟ್ ಸಿಕ್ಸ್. ಸಿ ಇದ್ದೂ ಒಳಗೆ ವಿ8 ಕೂತಿದ್ದರೆ ಯಾರು ಹಾಕಿದರು, ಮುಂದಿನ ಟಾರ್ಷನ್ ಬಾರ್‌ಗಳನ್ನೂ ಬದಲಿಸಿದರಾ ಅಂತ ಕೇಳಿ. ಆ ಅಡ್ಡ ತೊಲೆಯದ್ದೂ ಡಿಕ್ಕಿಯ ನೆಲದ್ದೂ ಫೋಟೋ ತೆಗೆದು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.