ಮನೆ ಖಾಲಿ ಮಾಡುವಾಗ ಅಡ್ವಾನ್ಸ್‌ನಿಂದ ಸ್ವಚ್ಛತೆಯ ಖರ್ಚು ಹಿಡಿಯಬಹುದೇ?

ಪ್ರಶ್ನೆ: ಬೆಂಗಳೂರಿನ ವಿಜಯನಗರದಲ್ಲಿ ಮೂರು ವರ್ಷ ಬಾಡಿಗೆಗಿದ್ದ ಮನೆಯನ್ನು ಕಳೆದ ತಿಂಗಳು ಖಾಲಿ ಮಾಡಿದೆವು. ಕರಾರು ಪತ್ರ ನನ್ನ ಹೆಸರಿನಲ್ಲಿತ್ತು. ಬಾಡಿಗೆ 22,000 ರೂಪಾಯಿ, ಅಡ್ವಾನ್ಸ್ 1,50,000 ರೂಪಾಯಿ. ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿಯುವ ಷರತ್ತಿತ್ತು. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಮಾಲೀಕರು ಬಚ್ಚಲುಮನೆಯ ಟೈಲ್ಸ್ ಮೇಲಿನ ಬಿಳಿ ಕಲೆ, ಗೋಡೆಯ ಮೊಳೆ ತೂತು, ಅಡುಗೆಮನೆಯ ಜಿಡ್ಡು, ಡೀಪ್ ಕ್ಲೀನಿಂಗ್ ಎಂದು ಇನ್ನೂ 18,000 ರೂಪಾಯಿ ಮುರಿದುಕೊಂಡು 1,10,000 ಮಾತ್ರ ಕೊಟ್ಟಿದ್ದಾರೆ. ಬಿಲ್ ಕೇಳಿದರೆ ಇದು ಎಲ್ಲ ಕಡೆ ಇರುವ ಪದ್ಧತಿ ಎನ್ನುತ್ತಾರೆ. ಗುಡಿಸಿ ಒರೆಸಿಯೇ ಬೀಗದ ಕೈ ಕೊಟ್ಟಿದ್ದೆವು. ಈ ಹಣ ವಾಪಸ್ ಬರುತ್ತದೆಯೇ?
– ಶಿಕ್ಷಕಿ, ಬೆಂಗಳೂರು

ಉತ್ತರ: ಪೂರ್ತಿ ಅಲ್ಲದಿದ್ದರೂ ಬಹುಪಾಲು ನಿಮಗೆ ಬರಬೇಕಾದ ಹಣವೇ. ಅಡ್ವಾನ್ಸ್ ಮಾಲೀಕರ ಕೈಯಲ್ಲಿದ್ದರೂ ಅದು ಬಾಡಿಗೆದಾರರ ಹಣ. ಅದರಲ್ಲಿ ಒಂದು ಪಾಲನ್ನು ಉಳಿಸಿಕೊಳ್ಳುವವರು ಏಕೆ, ಎಷ್ಟು ಎಂಬುದನ್ನು ತೋರಿಸಬೇಕು.

ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳು ಕರ್ನಾಟಕ ಬಾಡಿಗೆ ಅಧಿನಿಯಮ, 1999ರ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ, ನಿಮ್ಮ ವ್ಯವಹಾರಕ್ಕೆ ಅನ್ವಯಿಸುವುದು ನೀವು ಸಹಿ ಮಾಡಿದ ಕರಾರು ಪತ್ರ, 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು 1872ರ ಕರಾರು ಕಾಯ್ದೆ. ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಪಡೆಯುವಂತಿಲ್ಲ ಎಂಬ ಮಾತನ್ನು ನೀವೂ ಕೇಳಿರಬಹುದು. ಅದು ಕೇಂದ್ರ ಸರ್ಕಾರ 2021ರಲ್ಲಿ ರೂಪಿಸಿದ ಮಾದರಿ ಕಾಯ್ದೆಯ ಮಾತು. ರಾಜ್ಯದ ಶಾಸಕಾಂಗ ಅದನ್ನು ತನ್ನ ಕಾಯ್ದೆಯಾಗಿ ತಂದರೆ ಮಾತ್ರ ಮಾಲೀಕರನ್ನು ಕಟ್ಟಿಹಾಕುತ್ತದೆ.

ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಬಾಡಿಗೆದಾರರು ಮನೆಯನ್ನು ಪಡೆದಾಗ ಇದ್ದಷ್ಟೇ ಒಳ್ಳೆಯ ಸ್ಥಿತಿಯಲ್ಲಿ ಹಿಂದಿರುಗಿಸಬೇಕು. ಆದರೆ ಸಹಜ ಬಳಕೆಯಿಂದ ಆಗುವ ಸವೆತಕ್ಕೆ ಅವರು ಹೊಣೆಯಲ್ಲ. ಇದನ್ನು ನಿಮ್ಮ ಮಾಲೀಕರ ಪಟ್ಟಿಗೆ ಹಚ್ಚಿ ನೋಡೋಣ. ಬೋರ್‌ವೆಲ್‌ನ ಗಡಸು ನೀರಿನ ಸುಣ್ಣದ ಅಂಶ ಟೈಲ್ಸ್ ಮತ್ತು ನಲ್ಲಿಗಳ ಮೇಲೆ ಬಿಳಿಯಾಗಿ ಕಟ್ಟುವುದು ನೀರಿನ ಗುಣ. ಮೂರು ವರ್ಷ ದಿನವೂ ಸ್ನಾನ ಮಾಡಿದ ಬಚ್ಚಲಿನಲ್ಲಿ ಅದು ಇರಲೇಬೇಕು. ಕ್ಯಾಲೆಂಡರ್, ದೇವರ ಪಟ ತೂಗುಹಾಕಿದ ನಾಲ್ಕಾರು ಮೊಳೆ ತೂತುಗಳೂ ಸಹಜ ಬಳಕೆಯೇ. ಇಲ್ಲಿ ಇನ್ನೊಂದು ಮುಖ್ಯ ಸಂಗತಿಯಿದೆ: ಬಣ್ಣ ಬಳಿಯುವವರು ತೂತಿಗೆ ಪುಟ್ಟಿ ತುಂಬಿ, ಗೋಡೆ ಉಜ್ಜಿಯೇ ಕೆಲಸ ಆರಂಭಿಸುತ್ತಾರೆ. ಪೇಂಟಿಂಗ್‌ಗೆಂದು 22,000 ರೂಪಾಯಿ ಪಡೆದ ಮೇಲೆ ಅದೇ ಗೋಡೆಗೆ ಮತ್ತೆ ಹಣ ಹಿಡಿಯುವುದು ಒಂದೇ ಕೆಲಸಕ್ಕೆ ಎರಡು ಬಾರಿ ವಸೂಲಿ ಮಾಡಿದಂತೆ, ಮತ್ತು ಇದು ನನಗೆ ಅನ್ಯಾಯವೆಂದೇ ಕಾಣುತ್ತದೆ. ಅಡುಗೆಮನೆಯ ಜಿಡ್ಡಿನ ವಿಷಯ ಬೇರೆ. ಒಗ್ಗರಣೆಯ ಹೊಗೆ ಕಪಾಟು, ಎಕ್ಸಾಸ್ಟ್ ಫ್ಯಾನಿನ ಮೇಲೆ ಪದರಗಟ್ಟಿದ್ದರೆ ಅದನ್ನು ತೆಗೆಯಬೇಕಾದವರು ನೀವೇ. ಆ ಭಾಗದ ನ್ಯಾಯವಾದ ಕೂಲಿಯನ್ನು ಒಪ್ಪಿಕೊಂಡರೆ ಉಳಿದ ಬೇಡಿಕೆಗೆ ಬಲ ಬರುತ್ತದೆ.

ಪದ್ಧತಿ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ 108ನೇ ಕಲಮು ಅನ್ವಯಿಸುವುದು ಬೇರೆ ಕರಾರು ಅಥವಾ ಸ್ಥಳೀಯ ರೂಢಿ ಇಲ್ಲದಿದ್ದಾಗ. ಆದರೆ ರೂಢಿಯಿದೆ ಎಂದವರೇ ಅದನ್ನು ಸಾಬೀತುಪಡಿಸಬೇಕು. ಒಂದು ತಿಂಗಳ ಪೇಂಟಿಂಗ್ ಹಣ ಬೆಂಗಳೂರಿನಲ್ಲಿ ಎಲ್ಲರಿಗೂ ಗೊತ್ತಿರುವ ವಾಡಿಕೆ. ಅದರ ಮೇಲೆ ಮಾಲೀಕರು ಹೇಳಿದಷ್ಟು ಸ್ವಚ್ಛತೆಯ ಹಣವೂ ವಾಡಿಕೆ ಎಂದು ತೋರಿಸುವುದು ಸುಲಭವಲ್ಲ. ಕರಾರಿನಲ್ಲೇ ಮೊತ್ತ ನಮೂದಿಸಿದ್ದರೂ, ಕರಾರು ಕಾಯ್ದೆಯ 74ನೇ ಕಲಮಿನಡಿ ಸಿಗುವುದು ಆ ಮಿತಿಯೊಳಗಿನ ಸಮಂಜಸ ಪರಿಹಾರ ಮಾತ್ರ. ನಷ್ಟವನ್ನು ಸಾಬೀತುಪಡಿಸಲು ಸಾಧ್ಯವಿರುವಾಗ ಸಾಬೀತುಪಡಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಕೈಲಾಶ್ ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ ಹೇಳಿದೆ.

ಮೊದಲು ಒಂದು ಪತ್ರ ಬರೆದು, ಪ್ರತಿ ಕಡಿತಕ್ಕೂ ಬಿಲ್ ಮತ್ತು ಫೋಟೊ ಕೇಳಿ, ಹದಿನೈದು ದಿನಗಳ ಗಡುವು ಕೊಟ್ಟು ಸ್ವೀಕೃತಿ ಸಹಿತ ಅಂಚೆಯಲ್ಲಿ ಕಳುಹಿಸಿ. ತಪ್ಪಿದರೆ ಬಡ್ಡಿಯನ್ನೂ ಕೇಳುವುದಾಗಿ ಅದರಲ್ಲಿ ಬರೆಯಿರಿ. 1978ರ ಬಡ್ಡಿ ಕಾಯ್ದೆಯಡಿ ಅಂಥ ಲಿಖಿತ ಬೇಡಿಕೆಯ ದಿನದಿಂದ ಬಡ್ಡಿ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಉತ್ತರ ಬಾರದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು, ದಾವೆಗೆ ಮುಂಚಿನ ಹಂತದಲ್ಲೇ ಲೋಕ ಅದಾಲತ್‌ನಲ್ಲಿ ರಾಜಿಗೆ ಯತ್ನಿಸಿ. ಅಲ್ಲಿ ಆದ ರಾಜಿಗೆ ಡಿಕ್ರಿಯ, ಅಂದರೆ ಸಿವಿಲ್ ನ್ಯಾಯಾಲಯದ ತೀರ್ಪಿನ ಆದೇಶದ, ಬೆಲೆಯಿದೆ. ಮಹಿಳೆಯರಿಗೆ ವರಮಾನದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ ಎಂಬುದು ನಿಮಗೆ ಅನುಕೂಲ. ದಾವೆ ಹೂಡಲು ಮೂರು ವರ್ಷ ಕಾಲಾವಕಾಶವಿದ್ದರೂ ಇಷ್ಟು ಮೊತ್ತಕ್ಕೆ ಅದು ಕೊನೆಯ ದಾರಿಯಾಗಿರಲಿ.

ಪ್ರಶ್ನೆ: ನಾನು ಮನೆ ಮಾಲೀಕ. ಖಾಲಿ ಮಾಡಿ ಹೋದವರು ಅಡುಗೆಕಟ್ಟೆಯ ಗ್ರಾನೈಟ್ ಒಡೆದಿದ್ದಾರೆ, ಗೀಸರ್ ಕೂಡ ಕೆಟ್ಟಿದೆ. ಎರಡೂ ಎಂಟು ವರ್ಷ ಹಳೆಯವು. ಹೊಸದರ ಪೂರ್ತಿ ಬೆಲೆ ಹಿಡಿಯಬಹುದೇ?
– ಓದುಗರು, ಮೈಸೂರು

ಉತ್ತರ: ಗ್ರಾನೈಟ್ ತಾನಾಗಿ ಒಡೆಯುವುದಿಲ್ಲ, ಒಡೆದ ಹಲಗೆಯನ್ನು ಬದಲಿಸುವ ಖರ್ಚು ಕೇಳಲು ನಿಮಗೆ ಹಕ್ಕಿದೆ. ಇಡೀ ಕಟ್ಟೆಯನ್ನು ಹೊಸದಾಗಿ ಮಾಡಿಸಿದರೆ ಹೆಚ್ಚಿನ ಖರ್ಚು ನಿಮ್ಮದೇ. ಎಂಟು ವರ್ಷ ದುಡಿದ ಗೀಸರಿನ ಕಾಯಿಲ್ ಹೋದರೆ ಅದು ಸವೆತವೇ ಹೊರತು ಬಾಡಿಗೆದಾರರ ತಪ್ಪಲ್ಲ. ಹೊಸ ಗೀಸರಿನ ಬೆಲೆ ಕೇಳುವುದನ್ನು ದಯವಿಟ್ಟು ಬಿಡಿ. ದುರಸ್ತಿಗೆ ಮುಂಚೆ ಅವರನ್ನು ಕರೆದು ತೋರಿಸಿ, ಫೋಟೊ ತೆಗೆದು, ಬಿಲ್ಲಿನ ಪ್ರತಿಯೊಂದಿಗೆ ಲೆಕ್ಕ ಕಳುಹಿಸಿ. ತಕರಾರಿಲ್ಲದ ಉಳಿಕೆ ಹಣವನ್ನು ಅದುವರೆಗೆ ತಡೆಹಿಡಿಯಬೇಡಿ.

ಪ್ರಶ್ನೆ: ಅಡ್ವಾನ್ಸ್ ಕೈಗೆ ಬರುವ ತನಕ ಕೀಲಿಕೈ ಕೊಡಬೇಡ ಎಂದು ಗೆಳೆಯರು ಹೇಳುತ್ತಾರೆ. ಸರಿಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಅಪಾಯದ ಸಲಹೆ. ಕರಾರು ಮುಗಿದ ಮೇಲೂ ಕೀಲಿಕೈ ನಿಮ್ಮಲ್ಲಿದ್ದರೆ ಮನೆ ನಿಮ್ಮ ವಶದಲ್ಲೇ ಇದೆ ಎಂದಾಗಿ, ಆ ದಿನಗಳ ಹಣವನ್ನೂ ಮಾಲೀಕರು ಕೇಳಬಹುದು. ಖಾಲಿ ಮಾಡುವ ದಿನ ಅವರೊಂದಿಗೆ ಮನೆ ಸುತ್ತಿ, ಕೋಣೆ ಕೋಣೆಯ ಸ್ಥಿತಿ, ಕರೆಂಟ್ ಮೀಟರಿನ ರೀಡಿಂಗ್, ಒಪ್ಪಿದ ಕಡಿತ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ, ಹಣ ಖಾತೆಗೆ ಬಂದೊಡನೆ ಅಲ್ಲೇ ಕೀಲಿಕೈ ಒಪ್ಪಿಸಿ. ಅವರು ಬರಲೊಪ್ಪದಿದ್ದರೆ ಮನೆಯ ವಿಡಿಯೊ ಮಾಡಿಕೊಂಡು, ಕೀಲಿಕೈ ಒಪ್ಪಿಸಲು ಸಿದ್ಧವೆಂದು ಅಂದೇ ಲಿಖಿತವಾಗಿ ತಿಳಿಸಿ. ಚಿತ್ರೀಕರಿಸಿದ ಫೋನನ್ನು ಮಾರಬೇಡಿ, ಮೂಲ ಕಡತ ಅಳಿಸಬೇಡಿ: ಅದನ್ನು ನ್ಯಾಯಾಲಯಕ್ಕೆ ಒಪ್ಪಿಸುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ, ಅಂದರೆ ವಿಡಿಯೊ ಯಾವ ಸಾಧನದಲ್ಲಿ ಹೇಗೆ ದಾಖಲಾಯಿತು ಎಂಬ ದೃಢೀಕರಣ, ಬೇಕಾಗುತ್ತದೆ.