ಹವ್ಯಾಸದ ಫೋರಮ್‌ಗಳಿಗೆ ಸೇರ್ಬೇಕಾ ಬೇಡ್ವಾ: ನಾನು ಕಂಡಿದ್ದು, ಕಳ್ಕೊಂಡಿದ್ದು

ನೀವು ಕೇಳಿರೋದು, ಹೊಸದಾಗಿ ಒಂದು ಟೆಲಿಸ್ಕೋಪ್ ತಗೊಂಡಿದೀನಿ, ಆಕಾಶ ನೋಡೋ ಹವ್ಯಾಸಿಗಳ ಆನ್‌ಲೈನ್ ಫೋರಮ್‌ಗಳಿಗೆ ಸೇರಿದ್ರೆ ನಿಜವಾಗ್ಲೂ ಏನಾದ್ರೂ ಕಲಿತೀನಾ ಅಥವಾ ಬರೀ ಜಗಳ ನೋಡ್ಕೊಂಡು ಟೈಮ್ ಹಾಳಾಗತ್ತಾ ಅಂತ.

ಸೇರಿ. ನಾನು 2013ರಲ್ಲಿ ಸೇರಿದ್ದು, ಇವತ್ತಿಗೂ ಬಿಟ್ಟಿಲ್ಲ. ಆದ್ರೆ ಮಧ್ಯದಲ್ಲಿ ಒಂದೂವರೆ ವರ್ಷ ಈ ಫೋರಮ್ಮೇ ನನ್ನ ಹವ್ಯಾಸನ ನುಂಗಿಬಿಟ್ಟಿತ್ತು, ಅದನ್ನೂ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ ಓದಿ.

ಮೊದಲು ಒಳ್ಳೇದು. ನಂದು 8 ಇಂಚಿನ ಡಾಬ್ಸೋನಿಯನ್, ಅಂದ್ರೆ ಸರಳ ಸ್ಟ್ಯಾಂಡ್ ಮೇಲೆ ಕೂರೋ ಕನ್ನಡಿ ಟೆಲಿಸ್ಕೋಪ್, ಎಫ್/6, ಅಂದ್ರೆ ಫೋಕಲ್ ಲೆಂತ್ (ಕನ್ನಡಿಯಿಂದ ಬೆಳಕು ಒಂದು ಬಿಂದುವಿಗೆ ಸೇರೋ ದೂರ) ಕನ್ನಡಿ ಅಗಲದ ಆರು ಪಟ್ಟು, ಸುಮಾರು 1200 ಮಿಲಿಮೀಟರ್. (ಈ ಡಾಬ್ಸೋನಿಯನ್ ಅನ್ನೋ ಹೆಸರು ಜಾನ್ ಡಾಬ್ಸನ್‌ದು. ವೇದಾಂತ ಆಶ್ರಮದಲ್ಲಿ ಸನ್ಯಾಸಿ ಆಗಿದ್ದವರು, ಸಿಕ್ಕ ಗಾಜು ಮರದಲ್ಲೇ ದೊಡ್ಡ ದೊಡ್ಡ ಟೆಲಿಸ್ಕೋಪ್ ಮಾಡಿ ಸ್ಯಾನ್ ಫ್ರಾನ್ಸಿಸ್ಕೋದ ರಸ್ತೆ ಬದೀಲಿ ಇಟ್ಟು ಹೋಗೋ ಬರೋರಿಗೆಲ್ಲ ಚಂದ್ರನ್ನ ತೋರಿಸಿದವರು, 2014ರಲ್ಲಿ ತೀರ್ಕೊಂಡ್ರು.) ತಂದ ಮೊದಲ ವಾರಾನೇ ಕೊಲಿಮೇಷನ್ ಅನ್ನೋ ಪದ ಓದಿದೆ, ಕನ್ನಡಿಗಳನ್ನ ಒಂದಕ್ಕೊಂದು ಸರಿಯಾಗಿ ಕೂರಿಸೋದು. ಎಲ್ಲಾ ಕಡೆ ಬರೆದಿತ್ತು, ಫೋಕಸರ್‌ನಲ್ಲಿ (ನೋಡೋ ಲೆನ್ಸ್ ಕೂರಿಸೋ ಕೊಳವೆ) ಕಣ್ಣಿಟ್ಟು ನೋಡಿದ್ರೆ ಎಲ್ಲಾ ವೃತ್ತಗಳೂ ಒಂದರೊಳಗೊಂದು ನಡು ಮಧ್ಯೆ ಕಾಣ್ಬೇಕು ಅಂತ. ನಂದ್ರಲ್ಲಿ ಸೆಕೆಂಡರಿ ಕನ್ನಡಿಯ (ಟ್ಯೂಬಿನ ಬಾಯಿ ಹತ್ರ ಇರೋ ಚಿಕ್ಕ ಕನ್ನಡಿ) ಕಪ್ಪು ನೆರಳು ಒಂದು ಪಕ್ಕಕ್ಕೆ ಸರಿದಿತ್ತು. ಅದನ್ನ ಮಧ್ಯಕ್ಕೆ ತರ್ಬೇಕು ಅಂತ ನಾಲ್ಕು ರಾತ್ರಿ ಸ್ಕ್ರೂ ತಿರುಗಿಸಿದೀನಿ. ನೆರಳು ಮಧ್ಯಕ್ಕೆ ಬಂದ್ರೆ ಇನ್ನೊಂದು ಹಾಳು, ಇನ್ನೊಂದು ಸರಿ ಮಾಡಿದ್ರೆ ನೆರಳು ಮತ್ತೆ ಪಕ್ಕಕ್ಕೆ. ನಾಲ್ಕನೇ ರಾತ್ರಿ ಅಳು ಬರೋ ಹಂಗಾಗಿತ್ತು, ಕನ್ನಡಿನೇ ಡಿಫೆಕ್ಟ್ ಇರ್ಬೇಕು ವಾಪಸ್ ಕೊಡೋಣ ಅಂತ ಡಬ್ಬ ಎಲ್ಲಾ ಹುಡುಕಿ ಇಟ್ಕೊಂಡಿದ್ದೆ.

ಆ ರಾತ್ರಿನೇ ಫೋರಮ್‌ಗೆ ಸೇರಿ ಮೊಬೈಲಲ್ಲಿ ಒಂದು ಫೋಟೋ ತೆಗೆದು ಹಾಕಿದೆ. ಬೆಳಿಗ್ಗೆ ನೋಡಿದ್ರೆ ಏಳು ಉತ್ತರ. ಅದ್ರಲ್ಲಿ ಒಬ್ರು, ವಯಸ್ಸಾದವರು ಅಂತ ಆಮೇಲೆ ಗೊತ್ತಾಯ್ತು, ಒಂದೇ ಪ್ರಶ್ನೆ ಕೇಳಿದ್ರು: ಫೋಕಸರ್‌ಗೆ ಹಾಕಿ ಕಣ್ಣಿಡೋ ತೂತಿನ ಕ್ಯಾಪ್‌ನ ಕಪ್ಪು ಚುಕ್ಕಿ, ಪ್ರೈಮರಿ ಅಂದ್ರೆ ತಳದ ದೊಡ್ಡ ಕನ್ನಡಿ ಮಧ್ಯದ ರಿಂಗ್ ಒಳಗೆ ಇದ್ಯಾ? ಇದೆ ಅಂದೆ. ಹಂಗಿದ್ರೆ ಸ್ಕ್ರೂಡ್ರೈವರ್ ಕೆಳಗಿಟ್ಟು ಹೊರಗೆ ಹೋಗಿ ನೋಡು, ನಿನ್ನ ಟೆಲಿಸ್ಕೋಪ್ ಸರಿಯಾಗಿದೆ ಅಂದ್ರು. ಬರೀ ಅಷ್ಟೇ ಹೇಳಿ ಬಿಡ್ಲಿಲ್ಲ, ಪೆನ್ಸಿಲಲ್ಲಿ ಚಿತ್ರ ಬರೆದು ಅದನ್ನ ಫೋಟೋ ತೆಗೆದು ಹಾಕಿದ್ರು. ಪ್ರೈಮರಿಯಿಂದ ಬರೋ ಬೆಳಕು ಮೇಲೆ ಮೇಲೆ ಹೋದ ಹಾಗೆ ಶಂಕುವಿನ ಥರ ಕಿರಿದಾಗ್ತಾ ಹೋಗತ್ತೆ, ಸೆಕೆಂಡರಿ 45 ಡಿಗ್ರಿ ಓರೆಯಾಗಿ ನಿಂತಿರತ್ತೆ, ಅದ್ರ ಕೆಳಗಿನ ಅಂಚಿಗೆ ಬೆಳಕಿನ ಅಗಲವಾದ ಭಾಗ ಸಿಗತ್ತೆ ಮೇಲಿನ ಅಂಚಿಗೆ ಕಿರಿದಾದ ಭಾಗ, ಹಾಗಾಗಿ ಆ ಕನ್ನಡಿ ಒಂಚೂರು ಪ್ರೈಮರಿ ಕಡೆಗೆ ಸರಿದೇ ಇರ್ಬೇಕು, ನೆರಳು ಪಕ್ಕಕ್ಕೆ ಕಾಣೋದು ಅದಕ್ಕೇ. ಟ್ಯೂಬ್ ಗಿಡ್ಡ ಆದಷ್ಟೂ, ಅಂದ್ರೆ ಎಫ್ ಸಂಖ್ಯೆ ಕಮ್ಮಿ ಆದಷ್ಟೂ ಇದು ಜಾಸ್ತಿ ಕಾಣತ್ತೆ. ನಾನು ನಾಲ್ಕು ರಾತ್ರಿ ತಪ್ಪು ಅಂತ ಒದ್ದಾಡಿದ್ದು ತಪ್ಪೇ ಅಲ್ಲ.

ಅವತ್ತು ರಾತ್ರಿ 10 ಮಿಲಿಮೀಟರ್ ಐಪೀಸ್ (ಕಣ್ಣಿಟ್ಟು ನೋಡೋ ಲೆನ್ಸ್) ಹಾಕಿ, 120 ಪಟ್ಟು ದೊಡ್ಡದಾಗಿ, ಶನಿ ಗ್ರಹ ನೋಡಿದೆ. ಉಂಗುರಗಳ ಮಧ್ಯದ ಕಪ್ಪು ಸಂದು, ಕ್ಯಾಸಿನಿ ಗ್ಯಾಪು ಅಂತಾರೆ, ಕೂದಲೆಳೆ ಥರ, ಗಾಳಿ ನಿಂತ ಒಂದೊಂದು ಕ್ಷಣಕ್ಕೆ ಕಾಣೋದು ಮತ್ತೆ ಕರಗೋದು. ಆ ಒಂದು ರಾತ್ರಿಗೆ ನಾನು ಆ ಮನುಷ್ಯನಿಗೆ ಯಾವತ್ತಿಗೂ ಋಣಿ. ಪುಸ್ತಕದಲ್ಲಿ ಇದೆಲ್ಲ ಇರತ್ತೆ, ಇಲ್ಲ ಅಂತಲ್ಲ, ಆದ್ರೆ ಪುಸ್ತಕ ನಿಮ್ಮ ಫೋಟೋ ನೋಡಿ ನಿಂದು ಸರಿಯಾಗಿದೆ ಅಂತ ಹೇಳಲ್ಲ.

ಇಂಥ ಜಾಗಗಳಲ್ಲಿ ಸಾಮಾನ್ಯ ಜನ ಸೇರಿ ಏನು ಮಾಡ್ಬಹುದು ಅನ್ನೋದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಗ್ಯಾಲಕ್ಸಿ ಝೂ. 2007ರಲ್ಲಿ ಶುರುವಾಗಿದ್ದು, ದೊಡ್ಡ ಸರ್ವೇ ಒಂದರಲ್ಲಿ ತೆಗೆದ ಲಕ್ಷಾಂತರ ಗ್ಯಾಲಕ್ಸಿಗಳ ಫೋಟೋನ ಯಾರು ಬೇಕಾದ್ರೂ ನೋಡಿ ಇದು ಸುರುಳಿ ಆಕಾರನಾ ಅಲ್ವಾ ಅಂತ ವಿಂಗಡಿಸೋ ಕೆಲಸ. ಅದೇ ವರ್ಷ ಹ್ಯಾನಿ ಫಾನ್ ಆರ್ಕೆಲ್ ಅನ್ನೋ ಡಚ್ ಸ್ಕೂಲ್ ಟೀಚರ್ ಒಂದು ಫೋಟೋದಲ್ಲಿ ವಿಚಿತ್ರವಾದ ಕಲೆ ನೋಡಿ, ಇದೇನಿದು ಅಂತ ಅಲ್ಲಿನ ಫೋರಮ್‌ನಲ್ಲಿ ಕೇಳಿದ್ರು. ಯಾರಿಗೂ ಗೊತ್ತಿರ್ಲಿಲ್ಲ. ಕೊನೆಗೆ ನೋಡಿದ್ರೆ ಅದು ಒಂದು ಗ್ಯಾಲಕ್ಸಿಯಷ್ಟು ದೊಡ್ಡ ಅನಿಲದ ಮೋಡ, ಪಕ್ಕದ ಗ್ಯಾಲಕ್ಸಿಯಲ್ಲಿ ಹಿಂದೆ ಯಾವತ್ತೋ ಉರಿದು ಈಗ ಮಂಕಾಗಿರೋ ಕ್ವೇಸಾರ್‌ನ (ಗ್ಯಾಲಕ್ಸಿ ನಡುವೆ ಭಾರೀ ಪ್ರಖರವಾಗಿ ಹೊಳೆಯೋ ಕೇಂದ್ರ) ಬೆಳಕಿಂದ ಇನ್ನೂ ಹೊಳೀತಾ ಇರೋದು. ಇವತ್ತಿಗೂ ಅದಕ್ಕೆ ಅವರದೇ ಹೆಸರು. ಅದೇ ಫೋರಮ್‌ನಲ್ಲಿ ಇನ್ನೊಂದಷ್ಟು ಜನ ಚಿಕ್ಕ ಚಿಕ್ಕ ಹಸಿರು ಚುಕ್ಕಿಗಳನ್ನ ಒಟ್ಟು ಮಾಡ್ತಾ ಹೋದ್ರು, ಬಟಾಣಿ ಅಂತ ಹೆಸರಿಟ್ಟು. 2009ರಲ್ಲಿ ವಿಜ್ಞಾನಿಗಳು ಅದರ ಮೇಲೆ ಪೇಪರ್ ಬರೆದ್ರು, ಬಟಾಣಿಗಳು ಒಂದು ಹೊಸ ಬಗೆಯ ಗ್ಯಾಲಕ್ಸಿ, ತುಂಬಾ ಚಿಕ್ಕದು, ನಕ್ಷತ್ರಗಳು ಭಾರೀ ವೇಗವಾಗಿ ಹುಟ್ತಾ ಇರೋದು. ಒಬ್ರೇ ಕೂತು ನೋಡಿದ್ರೆ ಅಯ್ಯೋ ಫೋಟೋ ಸರಿ ಬಂದಿಲ್ಲ ಅಂತ ಮುಂದಕ್ಕೆ ಹೋಗ್ತಿದ್ರು ಅನ್ಸತ್ತೆ ನಂಗೆ, ನಾಲ್ಕು ಜನ ನಂಗೂ ಕಾಣ್ತು ನಂಗೂ ಕಾಣ್ತು ಅಂದಿದ್ದಕ್ಕೇ ಅದು ಆಗಿದ್ದು.

ಈಗ ಕೆಟ್ಟದ್ದಕ್ಕೆ ಬರ್ತೀನಿ.

ಗೊತ್ತಿಲ್ಲದೆ ಧೈರ್ಯವಾಗಿ ಮಾತಾಡೋರು ಎಲ್ಲಾ ಕಡೆ ಇರ್ತಾರೆ. ಒಂದ್ಸಲ ಹೊಸಬರೊಬ್ರು ಐಪೀಸ್‌ಗೆ ತಿರುಗಿಸಿ ಹಾಕೋ ಸಣ್ಣ ಸನ್ ಫಿಲ್ಟರ್ ಹಾಕ್ಕೊಂಡು ಸೂರ್ಯನ್ನ ನೋಡ್ಬಹುದಾ ಅಂತ ಕೇಳಿದ್ರು. ಮೊದಲನೇ ಉತ್ತರ ಏನು ಗೊತ್ತಾ, ನಾನು ವರ್ಷಗಟ್ಲೆ ನೋಡಿದೀನಿ ಏನೂ ಆಗಿಲ್ಲ ಅಂತ. ಓದಿ ನನ್ನ ಕೈ ನಡುಗ್ತು. ಕನ್ನಡಿ ಒಟ್ಟುಮಾಡಿದ ಬಿಸಿಲಿನ ಬಿಸಿಯೆಲ್ಲ ಆ ಗಾಜಿನ ಹತ್ರ ಬಂದು ಸೇರತ್ತೆ, ಅದು ಯಾವಾಗ ಬೇಕಾದ್ರೂ ಬಿರುಕು ಬಿಡಬಹುದು, ಬಿಟ್ರೆ ಆ ಕ್ಷಣಕ್ಕೇ ಕಣ್ಣು ಹೋಗತ್ತೆ. ಫಿಲ್ಟರ್ ಅನ್ನೋದು ಟೆಲಿಸ್ಕೋಪ್‌ನ ಬಾಯಿಗೆ, ಬೆಳಕು ಒಳಗೆ ಬರೋ ಮುಂಚೆನೇ ಇರ್ಬೇಕು. ಅವತ್ತು ಸ್ವಲ್ಪ ಹೊತ್ತಲ್ಲೇ ಹತ್ತು ಜನ ಬಂದು ಬೇಡ ಬೇಡ ಅಂತ ಬರೆದ್ರು, ಮಾಡರೇಟರ್ ಆ ಮೊದಲ ಉತ್ತರನ ತೆಗೆದು ಎಚ್ಚರಿಕೆ ಹಾಕಿದ್ರು. ಹಾಗಾಗಿ ಕಣ್ಣಿಗೆ, ಕರೆಂಟಿಗೆ, ಬೆಂಕಿಗೆ ಸಂಬಂಧಪಟ್ಟ ವಿಷಯ ಆದ್ರೆ ಮೊದಲು ಬಂದ ಉತ್ತರ ನಂಬ್ಬೇಡಿ, ಒಂದು ದಿನ ಕಾಯಿರಿ, ಹಳಬರು ಬಂದು ಏನಂತಾರೆ ನೋಡಿ.

ಜಗಳದ ವಿಷಯ ಕೇಳಿದ್ರಲ್ಲ. ಇದೆ. ನಾನೂ ಆಡಿದೀನಿ, ಅದ್ರಲ್ಲಿ ಒಂದು ಇವತ್ತಿಗೂ ಮನಸ್ಸಲ್ಲಿ ಚುಚ್ಚತ್ತೆ. ಒಬ್ಬ ಹುಡುಗ, ಶಾಲೆಗೆ ಹೋಗೋ ವಯಸ್ಸು ಅಂತ ಬರವಣಿಗೇಲೇ ಗೊತ್ತಾಗ್ತಿತ್ತು, ನಂಗೆ 114 ಮಿಲಿಮೀಟರ್‌ದು ಉಡುಗೊರೆ ಬಂದಿದೆ, ಕನ್ನಡಿ ಸ್ಫೆರಿಕಲ್ (ಚೆಂಡಿನ ಮೈ ಥರ ಬಾಗಿದ್ದು) ಅಂತೆ, ಇದ್ರಲ್ಲಿ ಗುರು ಗ್ರಹ ಚೆನ್ನಾಗಿ ಕಾಣತ್ತಾ ಅಂತ ಕೇಳಿದ್ದ. ಕಾಣತ್ತೆ, ಎಫ್/8 ಆದ್ರೆ ಆ ಸೈಜಲ್ಲಿ ಸ್ಫೆರಿಕಲ್ ಇದ್ರೂ ಏನೂ ತೊಂದ್ರೆ ಇಲ್ಲ, ಹೋಗಿ ನೋಡು ಅನ್ನಬೇಕಿತ್ತು, ಒಂದು ಸಾಲು. ನಾವೇನು ಮಾಡಿದ್ವಿ, ಸ್ಫೆರಿಕಲ್ ಎಲ್ಲಿವರೆಗೆ ನಡಿಯತ್ತೆ, ಪ್ಯಾರಬೋಲಿಕ್ (ಬೆಳಕನ್ನೆಲ್ಲ ಒಂದೇ ಬಿಂದುವಿಗೆ ತರೋ ಬಾಗು) ಎಲ್ಲಿಂದ ಬೇಕೇಬೇಕು ಅಂತ ಹನ್ನೊಂದು ಪುಟ ಕಿತ್ತಾಡಿದ್ವಿ, ಲೆಕ್ಕ, ಗ್ರಾಫು, ಒಬ್ಬರಿಗೊಬ್ಬರು ಚುಚ್ಚು ಮಾತು. ಆ ಹುಡುಗ ಮಧ್ಯದಲ್ಲಿ ಒಂದ್ಸಲ ಬಂದು, ಹಾಗಿದ್ರೆ ನಂದು ಕೆಟ್ಟದ್ದಾ ಅಂತ ಬರೆದ. ಯಾರೂ ಅವನಿಗೆ ಉತ್ತರ ಕೊಡ್ಲಿಲ್ಲ, ನಾನೂ ಕೊಡ್ಲಿಲ್ಲ, ನಾನು ಗೆಲ್ಲೋದ್ರಲ್ಲಿ ಮುಳುಗಿದ್ದೆ. ತಿಂಗಳಾದ ಮೇಲೆ ನೆನಪಾಗಿ ಅವನ ಪ್ರೊಫೈಲ್ ತೆಗೆದು ನೋಡಿದೆ, ಒಟ್ಟು ಪೋಸ್ಟ್ ಎರಡು. ಆಮೇಲೆ ಬರ್ಲೇ ಇಲ್ಲ. ಅವತ್ತಿಂದ ಹೊಸಬರ ಪ್ರಶ್ನೆ ಕೆಳಗೆ ಹಳಬರ ಜೊತೆ ವಾದ ಮಾಡೋದು ನಿಲ್ಲಿಸಿದೀನಿ, ವಾದ ಮಾಡ್ಬೇಕು ಅನ್ಸಿದ್ರೆ ಬೇರೆ ಥ್ರೆಡ್ ಶುರು ಮಾಡ್ತೀನಿ.

ಹೊಸಬರನ್ನ ಕಂಡ್ರೆ ಹಳಬರು ಸಿಡುಕೋದು ಇವತ್ತಿನ ಕಾಯಿಲೆ ಅಲ್ಲ ಬಿಡಿ. ಯೂಸ್‌ನೆಟ್ ಅನ್ನೋ ಹಳೇ ಆನ್‌ಲೈನ್ ಚರ್ಚಾ ಜಾಲದ ಕಾಲದಲ್ಲಿ ಪ್ರತಿ ಸೆಪ್ಟೆಂಬರ್ ಕಾಲೇಜಿಗೆ ಹೊಸಬರು ಬರೋರು, ಕೇಳಿದ್ದೇ ಕೇಳೋರು, ಒಂದೆರಡು ತಿಂಗಳಲ್ಲಿ ಪದ್ಧತಿ ಕಲಿಯೋರು. 1993ರ ನಂತರ ಮನೆಮನೆಯಿಂದ ಜನ ಬರೋಕೆ ಶುರುವಾಗಿ ಆ ಸೆಪ್ಟೆಂಬರ್ ಮುಗೀಲೇ ಇಲ್ಲ ಅಂತ ಹಳಬರು ಗೊಣಗಿದ್ದೇ ಒಂದು ನುಡಿಗಟ್ಟು ಆಗೋಯ್ತು. ಹಾಗಾಗಿ ನಿಮಗೆ ಯಾರಾದ್ರೂ, ಮೊದಲು ಸರ್ಚ್ ಮಾಡಿ ಅಂತ ಮುಖಕ್ಕೆ ಹೊಡೆದ ಹಾಗೆ ಅಂದ್ರೆ ಬೇಜಾರು ಮಾಡ್ಕೋಬೇಡಿ, ಆದ್ರೆ ಸರ್ಚ್ ಕೂಡ ಮಾಡಿ, ನಿಜ ಹೇಳ್ಬೇಕಂದ್ರೆ ಫೋರಮ್‌ನ ಆಸ್ತಿ ಇರೋದೇ ಹಳೇ ಥ್ರೆಡ್‌ಗಳಲ್ಲಿ.

ಇದೆಲ್ಲಕ್ಕಿಂತ ದೊಡ್ಡ ನಷ್ಟ ಸದ್ದಿಲ್ದೆ ಆಗತ್ತೆ. ನಾನು ಒಂದು ನೋಟ್‌ಬುಕ್ ಇಟ್ಟಿದೀನಿ, ಯಾವ ರಾತ್ರಿ ಏನು ನೋಡಿದೆ, ಯಾವ ಐಪೀಸ್, ಗಾಳಿ ಹೇಗಿತ್ತು ಅಂತ. 2015ರಲ್ಲಿ ಒಂದಿನ ತೆಗೆದು ನೋಡ್ತೀನಿ, ಐದು ತಿಂಗಳು ಖಾಲಿ. ಅದೇ ಐದು ತಿಂಗಳಲ್ಲಿ ಫೋರಮ್‌ನಲ್ಲಿ ನಾನೂರಕ್ಕೂ ಹೆಚ್ಚು ಪೋಸ್ಟ್ ಹಾಕಿದೀನಿ. ಆಕಾಶ ಶುಭ್ರವಾಗಿದ್ದ ರಾತ್ರಿಗಳಲ್ಲೂ ಒಳಗೆ ಕೂತು, ಯಾವ ಐಪೀಸ್ ಒಳ್ಳೇದು ಅಂತ ಓದ್ತಿದ್ದೆ. ಆರು ಐಪೀಸ್ ಕೊಂಡಿದ್ದೆ ಅಷ್ಟೊತ್ತಿಗೆ, ಈಗ ಉಪಯೋಗಿಸೋದು ಎರಡೇ. ಬೇರೆಯವರು ಹಾಕೋ ಫೋಟೋಗಳು ಬೇರೆ. ಆಂಡ್ರೊಮಿಡಾ ಗ್ಯಾಲಕ್ಸಿ ಕೆಂಪು ನೀಲಿ ಬಣ್ಣದಲ್ಲಿ ಧಗಧಗ ಹೊಳೀತಿರತ್ತೆ, ಅದಕ್ಕೆ ಗಂಟೆಗಟ್ಲೆ ಕ್ಯಾಮೆರಾ ಬೆಳಕು ಕೂಡಿಹಾಕಿರತ್ತೆ, ನನ್ನ ಕಣ್ಣಿಗೆ ಐಪೀಸಲ್ಲಿ ಕಾಣೋದು ಬೂದು ಬಣ್ಣದ ಮಂಜು. ದಿನಾ ಅವನ್ನ ನೋಡಿ ನೋಡಿ ನನ್ನ ಮಂಜು ನಂಗೆ ಸಪ್ಪೆ ಅನ್ಸಕ್ಕೆ ಶುರುವಾಗಿತ್ತು. 25 ಲಕ್ಷ ವರ್ಷ ಪ್ರಯಾಣ ಮಾಡಿ ಬಂದ ಬೆಳಕು ಅದು, ನೇರವಾಗಿ ನನ್ನ ಕಣ್ಣೊಳಗೆ ಬೀಳ್ತಾ ಇದೆ, ಅದು ಸಪ್ಪೆ ಅನ್ಸತ್ತೆ ಅಂದ್ರೆ ಎಲ್ಲೋ ಏನೋ ಕೆಟ್ಟಿದೆ ಅಂತ ಅವತ್ತು ಗೊತ್ತಾಯ್ತು. ಆಮೇಲೆ ಒಂದು ನಿಯಮ ಮಾಡ್ಕೊಂಡೆ, ಆ ವಾರ ಆಕಾಶ ನೋಡಿದ್ರೆ ಮಾತ್ರ ಆ ವಾರ ಬರೆಯೋದು, ಮೋಡ ಇದ್ರೆ ಬರೀ ಓದೋದು. ಪೋಸ್ಟ್ ಹತ್ತರಲ್ಲಿ ಒಂದಾಯ್ತು, ಆದ್ರೆ ಬರೆದದ್ದಕ್ಕೆ ತೂಕ ಬಂತು, ನಾನು ನೋಡಿದ್ದನ್ನ ಓದಿ ಇನ್ಯಾರೋ ಅದೇ ರಾತ್ರಿ ಹೊರಗೆ ಹೋಗಿ ನೋಡಿ ಬಂದು ನಂಗೂ ಕಾಣ್ತು ಅಂತ ಬರೆಯೋರು.

ಆ ಪೆನ್ಸಿಲ್ ಚಿತ್ರದವರ ಬಗ್ಗೆ ಹೇಳ್ಲೇಬೇಕು. ಮೂರು ವರ್ಷ ಮಾತಾಡಿದೀವಿ ನಾವು, ಅವರ ಮುಖ ನೋಡಿಲ್ಲ, ನಿಜವಾದ ಹೆಸರೂ ಗೊತ್ತಿಲ್ಲ. 2016ರಲ್ಲಿ ಬರೆಯೋದು ನಿಲ್ಲಿಸಿದ್ರು. ಪ್ರೊಫೈಲಲ್ಲಿ ಕೊನೇ ಸಲ ಬಂದ ತಾರೀಕು ಅಲ್ಲಿಗೇ ನಿಂತಿದೆ. ಯಾರನ್ನ ಕೇಳೋದು, ಎಲ್ಲಿ ವಿಚಾರಿಸೋದು, ಮನೆಯವರಿಗೆ ನಮ್ಮ ವಿಷಯ ಗೊತ್ತಾದ್ರೂ ಇತ್ತಾ? ಅದಾದ ಮರುವರ್ಷ, ಎಲ್ಲರೂ ಫೋಟೋ ಇಡ್ತಿದ್ದ ಒಂದು ಸೈಟು ದಿಢೀರ್ ಅಂತ ನಿಯಮ ಬದಲಾಯಿಸ್ತು, ಬೇರೆ ಕಡೆ ಫೋಟೋ ಕಾಣ್ಬೇಕಂದ್ರೆ ದುಡ್ಡು ಕಟ್ಟಿ ಅಂತ, ಒಂದೇ ಸಲಕ್ಕೆ ಎಷ್ಟೋ ವರ್ಷದ ಥ್ರೆಡ್‌ಗಳಲ್ಲಿ ಚಿತ್ರ ಇದ್ದ ಜಾಗದಲ್ಲೆಲ್ಲ ಖಾಲಿ ಚೌಕ. ಅವರ ಚಿತ್ರನೂ ಹೋಯ್ತು. ಕೆಳಗೆ ನೋಡಿ ಅಂತ ಬರೆದಿದ್ದಾರೆ, ಕೆಳಗೆ ಏನೂ ಇಲ್ಲ. ನನ್ನ ಹತ್ರ ಕಾಪಿ ಇರ್ಲಿಲ್ಲ, ಫೋರಮ್ ಇದ್ದೇ ಇರತ್ತಲ್ಲ ಅಂದ್ಕೊಂಡಿದ್ದೆ. ಕೇಳ್ಕೊಂಡು ಒಂದು ಪೋಸ್ಟ್ ಹಾಕಿದೆ, ಮೂರು ವಾರ ಆದ್ಮೇಲೆ, ಯಾವತ್ತೂ ಏನೂ ಬರೀದೆ ಬರೀ ಓದ್ತಾ ಇದ್ದ ಒಬ್ರು, ನಾನು ಆಗಲೇ ಸೇವ್ ಮಾಡ್ಕೊಂಡಿದ್ದೆ ಅಂತ ಆ ಚಿತ್ರ ಕಳಿಸಿದ್ರು. ಇಂಥ ಕಡೆ ನೂರಕ್ಕೆ ತೊಂಬತ್ತು ಜನ ಸುಮ್ನೆ ಓದೋರು, ಒಂಬತ್ತು ಜನ ಆಗಾಗ ಬರೆಯೋರು, ಒಬ್ಬ ಮಾತ್ರ ಎಲ್ಲಾ ಬರೆಯೋನು ಅಂತ ಒಂದು ಅಂದಾಜಿನ ಲೆಕ್ಕ ಇದೆ, ವೆಬ್ ಬಳಕೆ ತಜ್ಞ ಜೇಕಬ್ ನೀಲ್ಸನ್ 2006ರಲ್ಲಿ ಬರೆದಿದ್ದು. ಆ ತೊಂಬತ್ತರಲ್ಲಿ ಇಂಥವರೂ ಇರ್ತಾರೆ. ನಿಮಗೆ ಉಪಯೋಗಕ್ಕೆ ಬಂದ ಉತ್ತರ ಯಾವ್ದಾದ್ರೂ ಸಿಕ್ಕಿದ್ರೆ, ಚಿತ್ರದ ಸಮೇತ, ನಿಮ್ಮ ಕಂಪ್ಯೂಟರಲ್ಲಿ ಇಟ್ಕೊಳ್ಳಿ.

ಸೇರಿದ ಮೇಲೆ ಮೊದಲ ಪ್ರಶ್ನೆ ಹಾಕೋವಾಗ ಟೆಲಿಸ್ಕೋಪ್‌ನ ಅಳತೆ, ಎಫ್ ಸಂಖ್ಯೆ, ನೀವು ಏನು ಮಾಡಿ ನೋಡಿದ್ರಿ, ಏನಾಯ್ತು ಅನ್ನೋದನ್ನ ಬರೆದು ಒಂದು ಫೋಟೋ ಹಾಕಿ, ನನ್ನ ಟೆಲಿಸ್ಕೋಪ್ ಸರಿ ಕಾಣ್ತಿಲ್ಲ ಯಾಕೆ ಅಂತ ಒಂದೇ ಸಾಲು ಹಾಕಿದ್ರೆ ಯಾರಿಗೂ ಏನು ಹೇಳ್ಬೇಕು ಗೊತ್ತಾಗಲ್ಲ. ಇಂಗ್ಲಿಷ್ ಚೆನ್ನಾಗಿ ಬರಲ್ಲ ಅಂತ ಹಿಂಜರೀಬೇಡಿ, ನನ್ನ ಮೊದಲ ಪೋಸ್ಟಲ್ಲಿ ಒಂದು ವಾಕ್ಯನೂ ನೆಟ್ಟಗಿರ್ಲಿಲ್ಲ. ಉತ್ತರ ಸಿಕ್ಕಿ ಕೆಲಸ ಆದ್ಮೇಲೆ ವಾಪಸ್ ಬಂದು ಹೀಗೆ ಮಾಡಿದೆ, ಸರಿಹೋಯ್ತು ಅಂತ ಬರೀರಿ, ಐದು ವರ್ಷ ಆದ್ಮೇಲೆ ಅದೇ ತೊಂದ್ರೆ ಇಟ್ಕೊಂಡು ಹುಡುಕ್ಕೊಂಡು ಬರೋರಿಗೆ ಬೇಕಾಗಿರೋದು ಆ ಸಾಲು.

ಮತ್ತೆ ನಿಮ್ದೂ ಗಿಡ್ಡ ಟ್ಯೂಬಿನ ಕನ್ನಡಿ ಟೆಲಿಸ್ಕೋಪ್ ಆಗಿದ್ದು, ಚುಕ್ಕಿ ರಿಂಗ್ ಒಳಗೇ ಇದ್ದು, ನೆರಳು ಮಾತ್ರ ಪ್ರೈಮರಿ ಕಡೆಗೆ ಸರಿದ ಹಾಗೆ ಕಂಡ್ರೆ ಸ್ಕ್ರೂ ಮುಟ್ಬೇಡಿ. ಚಿತ್ರ ನನ್ನ ಹತ್ರ ಇದೆ, ಬೇಕಂದ್ರೆ ಹೇಳಿ ಕಳಿಸ್ತೀನಿ.