ಮುಖಲಕ್ಷಣವನ್ನು ನಂಬಬಹುದೇ? – ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಪಾಂಡವಪುರ ತಾಲ್ಲೂಕಿನ ತಮ್ಮ ಆಲೆಮನೆಯಲ್ಲಿ ಒಲೆಗೆ ಉರಿ ಹಾಕುವ ಕೆಲಸ ಕೇಳಿಕೊಂಡು ಬಂದವರೊಬ್ಬರನ್ನು, ಕೂಡುಹುಬ್ಬಿನ, ಗುಳಿಬಿದ್ದ ಕೆಂಗಣ್ಣಿನ ಆಳು ಮುಂಗಡ ಪಡೆದು ಓಡಿಹೋಗುತ್ತಾನೆಂದು ದೊಡ್ಡಪ್ಪನವರು ಎಚ್ಚರಿಸಿದ್ದರಿಂದ ವಾಪಸ್ಸು ಕಳುಹಿಸಿದಿರೆಂದೂ, ನೆರೆಯವರಿಗೂ ಆತ ಹಾಗೆಯೇ ಕಂಡನೆಂದೂ, ತಮ್ಮ ಶ್ರೀಮತಿಯವರು ಮಾತ್ರ ಇದನ್ನು ಅನ್ಯಾಯವೆಂದರೆಂದೂ ಬರೆದು, ಮುಖ, ಮೈಗಳ ಲಕ್ಷಣ ನೋಡಿ ಗುಣ ಹೇಳುವ ಸಾಮುದ್ರಿಕವನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ಕೇಳಿದ್ದೀರಿ. ಮನುಷ್ಯನ ಪ್ರಾಮಾಣಿಕತೆಯನ್ನು ತಿಳಿಯಲು ಅದನ್ನು ನಂಬಲಾಗದು. ತಮ್ಮ ಶ್ರೀಮತಿಯವರ ಮಾತೇ ಸರಿ.

ದೊಡ್ಡಪ್ಪನವರು ಆಧಾರವಾಗಿ ಹೇಳಿದ ವರಾಹಮಿಹಿರನ 'ಬೃಹತ್ಸಂಹಿತೆ'ಯಲ್ಲಿ ಪುರುಷಲಕ್ಷಣದ ಅಧ್ಯಾಯವಿರುವುದು ನಿಜ. ಆದರೆ ಆರನೆಯ ಶತಮಾನದ ಆ ಗ್ರಂಥ ಅಲ್ಲಿ ಹೆಚ್ಚಾಗಿ ಹೇಳುವುದು ಐಶ್ವರ್ಯ, ರಾಜಯೋಗ, ಆಯಸ್ಸುಗಳ ಮಾತನ್ನು. ಕೂಲಿಗೆ ಬಂದವನ ನಿಯತ್ತನ್ನು ಅದರಿಂದ ಅಳೆಯಹೊರಟರೆ ಗ್ರಂಥಕ್ಕೂ ನ್ಯಾಯ ಸಲ್ಲಿಸಿದಂತಾಗುವುದಿಲ್ಲ.

ಯುರೋಪಿನಲ್ಲಿಯೂ ಈ ನಂಬಿಕೆ ಬಲವಾಗಿತ್ತು. ಸ್ವಿಟ್ಜರ್ಲೆಂಡಿನ ಲವಾಟರ್ ಎಂಬ ಪಾದ್ರಿ ಮುಖಲಕ್ಷಣದ ಬಗ್ಗೆ 1775ರಿಂದ ಪ್ರಕಟಿಸಿದ ಸಂಪುಟಗಳನ್ನು ನಂಬಿದ್ದ ಬೀಗಲ್ ಹಡಗಿನ ಕಪ್ತಾನ ಫಿಟ್ಜ್‌ರಾಯ್, ಇಂಥ ಮೂಗಿನವನಿಗೆ ದೀರ್ಘ ಪ್ರಯಾಣಕ್ಕೆ ಬೇಕಾದ ಛಲವಿರಲಾರದೆಂದು 1831ರಲ್ಲಿ ಚಾರ್ಲ್ಸ್ ಡಾರ್ವಿನ್‌ರನ್ನು ಇನ್ನೇನು ಬೇಡವೆನ್ನುವವನಿದ್ದ. ಮುಂದೆ ಇದನ್ನು ಪರೀಕ್ಷಿಸಿ ನೋಡುವವರೂ ಬಂದರು. ಅಪರಾಧಿಗಳ ಮುಖದ ಸಾಮಾನ್ಯ ರೂಪವನ್ನು ಕಂಡುಹಿಡಿಯಲೆಂದು ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1870ರ ದಶಕದಲ್ಲಿ ಕೈದಿಗಳ ಭಾವಚಿತ್ರಗಳನ್ನು ಒಂದರ ಮೇಲೊಂದು ಮೂಡಿಸಿದಾಗ, ದುಷ್ಟ ಲಕ್ಷಣಗಳೆಂದು ಅವರು ಎಣಿಸಿದ್ದವೆಲ್ಲ ಅಳಿಸಿಹೋಗಿ, ಸಾಧಾರಣ ಮನುಷ್ಯನ ಮುಖವೇ ಉಳಿಯಿತು. ಕಳ್ಳರ ಮುಖವೆಂಬುದನ್ನು ಹುಡುಕಲು ಹೊರಟವರ ಕೈಯಿಂದಲೇ ಈ ಸಾಕ್ಷ್ಯ ದೊರೆತದ್ದು ಗಮನಾರ್ಹ. ಮೂರು ಸಾವಿರಕ್ಕೂ ಹೆಚ್ಚು ಇಂಗ್ಲಿಷ್ ಕೈದಿಗಳ ದೇಹದ ಅಳತೆಗಳನ್ನು ಪರಿಶೀಲಿಸಿ ಸೆರೆಮನೆಯ ವೈದ್ಯ ಚಾರ್ಲ್ಸ್ ಗೋರಿಂಗ್ 1913ರಲ್ಲಿ ಪ್ರಕಟಿಸಿದ ವರದಿಯೂ ಹುಟ್ಟು ಅಪರಾಧಿಯ ದೇಹಲಕ್ಷಣವೆಂಬುದು ಇಲ್ಲವೆಂದೇ ಹೇಳಿತು.

ಹಾಗಾದರೆ ನೆರೆಯವರಿಗೆಲ್ಲ ಒಂದೇ ರೀತಿ ತೋರಿದ್ದೇಕೆ ಎಂಬ ತಮ್ಮ ಪ್ರಶ್ನೆ ಬಹಳ ಮುಖ್ಯವಾದದ್ದು. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಪರಿಚಿತ ಮುಖವನ್ನು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಕಾಲ ಕಂಡರೂ ಸಾಕು, ಆತ ನಂಬಿಕಸ್ಥನೋ ಅಲ್ಲವೋ ಎಂದು ನಾವು ತೀರ್ಮಾನಿಸಿಬಿಡುತ್ತೇವೆ. ಇನ್ನಷ್ಟು ಹೊತ್ತು ನೋಡಿದರೆ ತೀರ್ಮಾನ ಹೆಚ್ಚೇನೂ ಬದಲಾಗದೆ, ಅದರ ಮೇಲಿನ ನಮ್ಮ ಭರವಸೆ ಮಾತ್ರ ಹೆಚ್ಚುತ್ತದೆ. ಹತ್ತು ಜನರಿಗೆ ಒಂದೇ ಅನಿಸಿಕೆ ಹುಟ್ಟುವುದು ಅವರ ಕಣ್ಣುಗಳು ಒಂದೇ ಬಗೆಯಲ್ಲಿ ಕೆಲಸ ಮಾಡುವುದರಿಂದ. ಎದುರಿಗಿದ್ದವನ ಗುಣ ಅದರಿಂದ ಸಿದ್ಧವಾಗುವುದಿಲ್ಲ. ಸಿಟ್ಟು ಬಂದಾಗ ಹುಬ್ಬುಗಳು ತಗ್ಗಿ ಒಂದರ ಹತ್ತಿರ ಇನ್ನೊಂದು ಬರುತ್ತವಾದ್ದರಿಂದ, ಹುಟ್ಟಿನಿಂದಲೇ ಕೂಡುಹುಬ್ಬಿರುವವನು ಸುಮ್ಮನೆ ನಿಂತಿದ್ದರೂ ಸಿಡುಕನಂತೆ ಕಾಣುತ್ತಾನೆ. ಗಳಿಗೆಯ ಭಾವವನ್ನು ಮುಖದಲ್ಲಿ ಓದುವ ನಮ್ಮ ರೂಢಿಯನ್ನು ಮೂಳೆ, ರೋಮಗಳಿಗೂ ಅನ್ವಯಿಸಿಬಿಡುತ್ತೇವೆ. ಇನ್ನು ಕೆಂಗಣ್ಣಿನ ಮಾತು: ಕೊಪ್ಪರಿಗೆಯ ಒಲೆಯ ಮುಂದೆ ಹಗಲಿರುಳು ಕಬ್ಬಿನ ಸಿಪ್ಪೆಯ ಹೊಗೆ ಕುಡಿದವನ ಕಣ್ಣು ಕೆಂಪಗಾಗದೆ ಇನ್ನೇನಾಗಬೇಕು? ಆ ಕಣ್ಣು ಅವನ ದುಡಿಮೆಯ ಗುರುತೂ ಆಗಿರಬಹುದಲ್ಲವೇ?

ಮುಂಗಡ ಕೊಟ್ಟು ಕಳೆದುಕೊಳ್ಳುವ ತಮ್ಮ ಭಯ ನ್ಯಾಯವಾದದ್ದೇ. ಅದಕ್ಕೆ ದಾರಿ, ಹಿಂದೆ ದುಡಿದ ಆಲೆಮನೆಯ ಮಾಲೀಕರನ್ನು ವಿಚಾರಿಸುವುದು, ಮುಂಗಡವನ್ನು ಒಮ್ಮೆಗೇ ಕೊಡದೆ ಸ್ವಲ್ಪ ಸ್ವಲ್ಪವಾಗಿ ಕೊಡುವುದು, ಲೆಕ್ಕವನ್ನು ವಾರಕ್ಕೊಮ್ಮೆ ಚುಕ್ತಾ ಮಾಡುವುದು. ಸುಂದರ ಮುಖದವರ ವಿಷಯದಲ್ಲಿಯೂ ಇದನ್ನು ತಪ್ಪದೆ ಪಾಲಿಸಿ. ತಾವು ಹಿಂದಕ್ಕೆ ಕಳುಹಿಸಿದ ಆ ವ್ಯಕ್ತಿ ಇನ್ನೂ ಆ ಸೀಮೆಯಲ್ಲಿದ್ದರೆ, ಹೀಗೆ ವಿಚಾರಿಸಿ ಅವರನ್ನು ಕೆಲಸಕ್ಕೆ ಕರೆಯಬೇಕೆಂದು ಕೋರುತ್ತೇನೆ.

– ಸಂಪಾದಕ